ಮುಸುಕು ತಿಂದ ಹುಳು

ಪ್ಯಾರಿಸ್ಸಿನ ಹಳೆಯ ಚಿತ್ರದಂಗಡಿಯೊಂದರಲ್ಲಿ, ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಒಂದು ಚಿತ್ರವಿತ್ತು. ಅದರಲ್ಲಿ ಅಕ್ಕತಂಗಿಯರಿಬ್ಬರು ಮುಖದಿಂದ ಪಾದದವರೆಗೆ ಕರಿಯ ಮುಸುಕು ಇಳಿಬಿಟ್ಟುಕೊಂಡು ನಿಂತಿದ್ದರು. ಕಾಗದ ತಿಂದು ಬದುಕುವ ಹುಳುವೊಂದು ಆ ಚಿತ್ರದ ಚೌಕಟ್ಟಿನೊಳಗೆ ಬಂದು ಸೇರಿಕೊಂಡಿತು. ಮುಸುಕಿನ ಹಿಂದೆ ಎಂಥ ಮುಖವಿದೆಯೋ ಎಂಬ ಕುತೂಹಲದಲ್ಲಿ ಅದಕ್ಕೆ ಕೂತಲ್ಲಿ ಕೂರಲಾಗಲಿಲ್ಲ.

"ತಾಯಿ, ಒಂದೇ ಒಂದು ಸಲ ಮುಸುಕು ಸರಿಸಿ. ನೋಡಿ ಹೊರಟುಹೋಗುತ್ತೇನೆ," ಎಂದು ಅದು ಅಕ್ಕನನ್ನು ಬೇಡಿಕೊಂಡಿತು.

"ಆಗದಪ್ಪ," ಎಂದಳು ಅವಳು. "ನನ್ನನ್ನು ಬರೆದದ್ದೂ ಈ ಮುಸುಕಿನ ಗೆರೆಗಳಿಂದಲೇ. ಇವು ಹೋದರೆ ನಾನೂ ಉಳಿಯುವುದಿಲ್ಲ."

ಇವಳು ಏನನ್ನೋ ಬಚ್ಚಿಡುತ್ತಿದ್ದಾಳೆ ಎಂದುಕೊಂಡ ಹುಳು ಮುಸುಕಿನ ಅಂಚಿಗೆ ಬಾಯಿ ಹಾಕಿತು. ಇನ್ನೊಂದು ಗೆರೆ ಹೋದರೆ ಕಣ್ಣು ಕಂಡೀತು, ಮತ್ತೊಂದು ಹೋದರೆ ಮೂಗು ಕಂಡೀತು ಎಂದು ನಾಲ್ಕು ದಿನ ಬಿಡದೆ ತಿಂದಿತು. ಐದನೆಯ ದಿನ ಮುಸುಕೆಲ್ಲ ಮುಗಿದಾಗ ಅದರ ಎದುರಿಗಿದ್ದದ್ದು ಚೌಕಟ್ಟಿನ ಹಿಂಬದಿಯ ಬರೀ ಹಲಗೆ.

ಹುಳು ಗಾಬರಿಯಿಂದ ತಂಗಿಯತ್ತ ತಿರುಗಿ, "ನಿಮ್ಮ ಅಕ್ಕ ಎಲ್ಲಿ ಹೋದರು?" ಎಂದು ಕೇಳಿತು.

"ನಿನ್ನ ಹೊಟ್ಟೆಯಲ್ಲಿದ್ದಾಳೆ," ಎಂದಳು ತಂಗಿ.

ಹುಳು ತಂಗಿಯ ಮುಸುಕಿನಿಂದ ದೂರ ಸರಿದು ಕುಳಿತು, ಮೆಲ್ಲಗೆ ಕೇಳಿತು: "ಅವರ ಹೆಸರೇನಿತ್ತು, ತಾಯಿ?"

"ಬಂದ ದಿನವೇ ಕೇಳಿದ್ದರೆ ಅವಳೇ ಹೇಳುತ್ತಿದ್ದಳು," ಎಂದಳು ತಂಗಿ.