ದರ್ಜಿಯ ಮಿಷನ್ನು, ಯಜಮಾನರ ಗೋಡೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯಲ್ಲಿ ಅಕ್ಷರ ಕಲಿಸಿದ ಗುರುಬಸಯ್ಯ ಮೇಷ್ಟ್ರು.

ಒಬ್ಬ ಶಿಷ್ಯ ಮಠಕ್ಕೆ ಬಂದು ಗುರುಗಳನ್ನು ಕೇಳಿದ: "ಬುದ್ಧಿ, ನಾನಿರುವುದು ಬಾಡಿಗೆ ಮನೆ. ಒಳಗಿನ ಸಾಮಾನಿಗೆ ವಿಮೆ ಮಾಡಿಸಿ ಎಂದು ಮನೆಯವಳು ಹಟ ಹಿಡಿದಿದ್ದಾಳೆ. ಎಲ್ಲವನ್ನೂ ದೇವರಿಗೆ ಬಿಟ್ಟವನಿಗೆ ಅದು ಬೇಕೇ?"

ಗುರುಗಳು ಅವನನ್ನು ಕೂರಿಸಿ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ಸಂಸಾರ. ಒಳ್ಳೆಯ ಮನುಷ್ಯ. ಪರರ ಗೋಡೆ ಎಂದು ಒಂದು ಮೊಳೆಯನ್ನೂ ಹೊಡೆದವನಲ್ಲ. ಹಾಸಿಗೆ, ಟ್ರಂಕು, ಬಟ್ಟೆಯ ಗಂಟು ಎಲ್ಲವೂ ನೆಲದ ಮೇಲೆಯೇ.

ಮನೆ ಯಜಮಾನರು ಮನೆಗೆ ವಿಮೆ ಮಾಡಿಸಿದರು. ಒಳಗಿನ ಸಾಮಾನಿಗೂ ಮಾಡಿಸುತ್ತೀರಾ ಎಂದು ವಿಮೆಯವನು ದರ್ಜಿಯನ್ನೂ ವಿಚಾರಿಸಿದ. ಯಜಮಾನರು ಮಾಡಿಸಿದ ಮೇಲೆ ಮುಗಿಯಿತಲ್ಲ, ಮನೆ ಅವರದು, ನಾನು ಇದ್ದು ಹೋಗುವವನು ಎಂದು ದರ್ಜಿ ನಕ್ಕು ಕಳಿಸಿದ. ಹೆಂಡತಿ ಒಳಗಿನಿಂದಲೇ ಅಂದಳು: "ಗೋಡೆ ಅವರದು, ಸರಿ. ಮಿಷನ್ನೂ ಅವರದೇ ಏನು? ಹಾಗಾದರೆ ನಾಳೆಯಿಂದ ಅವರೇ ಬಂದು ತುಳಿಯಲಿ."

ಒಂದು ಮಧ್ಯಾಹ್ನ ಊರ ಮೇಲಿನ ಕೆರೆ ಒಡೆಯಿತು. ಗಂಡ ಹೆಂಡತಿ ಹೇಗೋ ಜೀವ ಉಳಿಸಿಕೊಂಡರು. ನೀರು ಇಳಿದಾಗ ಹಿಂದಿನ ಗೋಡೆ ಕುಸಿದಿತ್ತು. ಎತ್ತರದಲ್ಲಿ ಇಟ್ಟದ್ದು ಒಂದೂ ಇರಲಿಲ್ಲವಾದ್ದರಿಂದ ಎಲ್ಲವೂ ಹೋಗಿತ್ತು. ಹೊಲಿಗೆ ಮಿಷನ್ನು ಮುರಿದು ಕೆಸರಲ್ಲಿ ಹೂತಿತ್ತು. ಅವರಿಗೆ ಅನ್ನ ಕೊಡುತ್ತಿದ್ದುದು ಅದೊಂದೇ.

ವಿಮೆಯವರು ಬಂದು ನೋಡಿ ಹೋದರು. ಗಾರೆಯವರು ಗೋಡೆ ಎಬ್ಬಿಸಿ ಸುಣ್ಣ ಹೊಡೆದರು. ದರ್ಜಿ ತನ್ನ ಸರದಿಗೆ ಕಾದ. ಯಾರೂ ಬರಲಿಲ್ಲ. ಕಡೆಗೆ ಯಜಮಾನರನ್ನೇ ಹೋಗಿ ಕೇಳಿದ. ಅವರೇನೂ ಕೆಟ್ಟವರಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕಿಸಿ ಹೇಳಿದರು: "ನಾನು ಮಾಡಿಸಿದ್ದು ಗೋಡೆಗೆ, ಚಾವಣಿಗೆ ಕಣಪ್ಪ. ನಿನ್ನ ಸಾಮಾನು ನೀನು ನೋಡಿಕೊಂಡಿರುತ್ತೀ ಅಂದುಕೊಂಡಿದ್ದೆ."

ದರ್ಜಿ ಹೊಸ ಗೋಡೆಯ ಮುಂದೆ ಬರಿಗೈಯಲ್ಲಿ ಕುಳಿತ. ಮರುದಿನ ಇನ್ನೊಬ್ಬರ ಅಂಗಡಿಗೆ ಗುಂಡಿ ಹಚ್ಚುವ ಕೆಲಸಕ್ಕೆ ಹೊರಟ. ಹೆಂಡತಿ ಬುತ್ತಿ ಕಟ್ಟಿಕೊಟ್ಟಳು.

ಕತೆ ಕೇಳಿ ಶಿಷ್ಯನಿಗೆ ಮರುಕ ಹುಟ್ಟಿತು. "ಪಾಪ, ಅವನೂ ನನ್ನ ಹಾಗೆ ಎಲ್ಲವನ್ನೂ ದೇವರಿಗೆ ಬಿಟ್ಟಿದ್ದ, ಬುದ್ಧಿ."

"ದೇವರಿಗೆಲ್ಲಿ ಬಿಟ್ಟಿದ್ದ ಮಗು? ಮನೆ ಯಜಮಾನನಿಗೆ ಬಿಟ್ಟಿದ್ದ."

ಶಿಷ್ಯ ಎದ್ದು ಕೈಮುಗಿದು ಮನೆಯ ಕಡೆ ಹೊರಟ.

ಬಾಡಿಗೆ ಮನೆಗೆ ಹೋಗುವವರು ಯಾರಾದರೂ ಹಾಲುಕ್ಕಿಸಲು ನಿಮ್ಮನ್ನು ಕರೆದರೆ, ಈ ಕತೆಯನ್ನು ಅವರಿಗೂ ಹೇಳಿ ಬನ್ನಿ.