ಹಲ್ಲಿ ಕಟ್ಟಿದ ಬೆಲೆ

ಹಳೆಯ ರೇಡಿಯೊಗಳನ್ನು ಕೂಡಿಹಾಕುವ ಜಯತೀರ್ಥರಾಯರ ಹಜಾರದಲ್ಲಿ ಬೀರುವಿನಷ್ಟು ಎತ್ತರದ ತೇಗದ ರೇಡಿಯೊ ಒಂದಿತ್ತು. ಅದು ಹಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅದರ ಹೊಟ್ಟೆಯೊಳಗೆ ಒಂದು ಹಲ್ಲಿ ಸಂಸಾರ ಹೂಡಿತ್ತು.

ಬಂದವರಿಗೆಲ್ಲ ರಾಯರು, "ಇದಕ್ಕೆ ಬೆಲೆ ಕಟ್ಟುವುದಕ್ಕಾಗುವುದಿಲ್ಲ" ಎನ್ನುವರು. ಎಷ್ಟೋ ಸಲ ಆಗಲೇ ಒಳಗಿನಿಂದ ಹಲ್ಲಿ ಲೊಚಗುಟ್ಟುವುದು. ಹಲ್ಲಿ ನುಡಿದರೆ ಆಡಿದ ಮಾತು ನಿಜವೆಂದು ನಂಬಿದ ರಾಯರು ನೆಲಕ್ಕೆ ಬೆರಳು ತಟ್ಟಿ "ಕೃಷ್ಣ ಕೃಷ್ಣ" ಎನ್ನುವರು. ಬಂದವರೂ ತಟ್ಟುವರು.

ಒಂದು ದಿನ ಬೆಲೆ ಕಟ್ಟುವ ಪರಿಣತರು ಬರುತ್ತಾರೆಂದು ಗೊತ್ತಾಯಿತು. ರೇಡಿಯೊ ಹಲ್ಲಿಯನ್ನು ಕರೆದು, "ನೀನು ಹೊರಡಬೇಕು. ನನ್ನಂಥವರ ಹೊಟ್ಟೆಯಲ್ಲಿ ಹಲ್ಲಿ ಕಂಡರೆ ಮರ್ಯಾದೆ ಉಳಿಯುವುದಿಲ್ಲ" ಎಂದಿತು.

"ಆಗಲಿ" ಎಂದು ಹಲ್ಲಿ ಎದುರು ಗೋಡೆಯ ಟ್ಯೂಬ್‌ಲೈಟಿನ ಹಿಂದೆ ಹೋಗಿ ಕೂತಿತು.

ಪರಿಣತರು ಬಂದು, ರೇಡಿಯೊದ ಹಿಂದಿನ ಹಲಗೆ ತೆಗೆದು ನೋಡಿ, "ವಾಲ್ವುಗಳೆಲ್ಲ ಹೋಗಿವೆ. ಇದು ಬರೀ ಮರ, ರಾಯರೇ" ಎಂದರು.

ರಾಯರು ವಾದಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಲೊಚಗುಟ್ಟಿತು. ರಾಯರು ನೆಲಕ್ಕೆ ಬೆರಳು ತಟ್ಟಿ "ಕೃಷ್ಣ ಕೃಷ್ಣ" ಎಂದರು. ಸಂಜೆಯೊಳಗೆ ರೇಡಿಯೊ ಉಗ್ರಾಣ ಸೇರಿತು. ಅದರ ಮೇಲೆ ಉಪ್ಪಿನಕಾಯಿ ಜಾಡಿಗಳು ಬಂದು ಕೂತವು.

ಹುಳ ಹುಡುಕುತ್ತ ಉಗ್ರಾಣಕ್ಕೆ ಬಂದ ಹಲ್ಲಿಯನ್ನು ರೇಡಿಯೊ ಕೇಳಿತು: "ಹೊರಗೆ ಹಾಕಿದ್ದಕ್ಕೆ ಸೇಡು ತೀರಿಸಿಕೊಂಡೆಯಾ?"

"ಸೇಡೇನೂ ಇಲ್ಲ. ಹುಳ ಸಿಕ್ಕಾಗ ಲೊಚಗುಟ್ಟುತ್ತೇನೆ. ಅಲ್ಲಿ ಯಾರು ಏನು ಹೇಳುತ್ತಿದ್ದರೆಂದು ನಾನು ಎಂದೂ ಕೇಳಿಸಿಕೊಂಡಿಲ್ಲ" ಎಂದಿತು ಹಲ್ಲಿ.