ಇಲಿಗಳ ರಕ್ತ ಅಳೆದವಳು

"ಕಂಡದ್ದನ್ನು ಕಂಡ ಹಾಗೇ ಹೇಳಿದವರು ಯಾಕೆ ನಾಚಬೇಕು, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ನಾಟಿವೈದ್ಯೆ ಇದ್ದಳು. ಮಕ್ಕಳಾಗದ ಹೆಂಗಸರಿಗೆ ಒಂದು ಬೇರಿನ ಕಷಾಯ ಕೊಡುತ್ತಿದ್ದಳು. ಆ ಬೇರಿನ ಗುಣ ತಿಳಿಯಬೇಕೆಂದು ಪಟ್ಟಣದ ಒಬ್ಬ ಸಂಶೋಧಕಿ ಅದನ್ನು ತನ್ನ ಪ್ರಯೋಗಾಲಯಕ್ಕೆ ಒಯ್ದಳು. ಹೆಣ್ಣಿಲಿಗಳನ್ನು ಎರಡು ಪಾಲು ಮಾಡಿದಳು. ಕಷಾಯ ಬಹಳ ಕಹಿ. ಇಲಿಗಳು ತಾವಾಗಿ ಮುಟ್ಟಲಿಲ್ಲ. ಆದ್ದರಿಂದ ಒಂದು ಪಾಲಿನ ಇಲಿಗಳನ್ನು ದಿನವೂ ಬಿಗಿಯಾಗಿ ಹಿಡಿದು, ಗಂಟಲಿಗೆ ನಳಿಕೆ ಇಳಿಸಿ ಕುಡಿಸಿದಳು. ಇನ್ನೊಂದು ಪಾಲಿನವನ್ನು ಅವುಗಳ ಪಾಡಿಗೆ ಬಿಟ್ಟಳು. ಕೊನೆಗೆ ಎಲ್ಲವುಗಳ ರಕ್ತ ತೆಗೆದು, ಬಸಿರಿಗೆ ಬೇಕಾದ ಹಾರ್ಮೋನನ್ನು ಅಳೆದಳು. ಕಷಾಯ ಕುಡಿದವುಗಳಲ್ಲಿ ಅದು ತೀರ ಇಳಿದಿತ್ತು.

"ಈ ಬೇರು ಬಸಿರಿಗೆ ಕೇಡು" ಎಂದು ಅವಳು ಸಂಶೋಧಕರ ಸಭೆಯಲ್ಲಿ ಹೇಳಿದಳು. ಮಾತು ಊರಿಗೆ ಮುಟ್ಟಿತು. ವೈದ್ಯೆಯ ಮನೆಗೆ ಯಾರೂ ಹೋಗದಂತಾಯಿತು.

ಕೆಲ ಕಾಲದ ನಂತರ ಸಂಶೋಧಕಿ ಬೇರೊಂದು ಮದ್ದನ್ನು ಪರೀಕ್ಷಿಸಿದಳು. ಈ ಸಲ ಹೋಲಿಕೆಗೆಂದು ಕೆಲವು ಇಲಿಗಳಿಗೆ ಬರೀ ನೀರನ್ನು ಅದೇ ನಳಿಕೆಯಲ್ಲಿ ಕುಡಿಸಿದಳು. ಅವುಗಳ ಹಾರ್ಮೋನೂ ಅಷ್ಟೇ ಇಳಿದಿತ್ತು. ಅಂದು ಅದನ್ನು ಇಳಿಸಿದ್ದು ಬೇರಲ್ಲ, ಹಿಡಿತದ ಭಯ ಎಂದು ಅವಳಿಗೆ ಆಗ ಹೊಳೆಯಿತು. ಮುಖ ಎತ್ತಲಾಗದೆ ಕುಳಿತಳು.

ತಾನು ಹೇಳಿದ್ದು ತಪ್ಪೆಂದು ಅದೇ ಸಭೆಯಲ್ಲಿ ಒಪ್ಪಿಕೊಂಡಳು. ಆಮೇಲೆ ವೈದ್ಯೆಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ತಿಳಿಸಿದಳು.

ವೈದ್ಯೆ ಸಿಟ್ಟಾಗಲಿಲ್ಲ. "ನನಗೆ ಹೇಳಿ ಏನು ಬಂತವ್ವಾ? ನನ್ನ ಕಷಾಯ ಕುಡಿದ ಒಬ್ಬಳಿಗೆ ಬಸಿರು ಇಳಿದು ಹೋಗಿತ್ತು. ನಿನ್ನ ಮಾತು ಕಿವಿಗೆ ಬಿದ್ದ ಮೇಲೆ, ಕಷಾಯ ಕುಡಿದು ನನ್ನ ಕೂಸನ್ನು ನಾನೇ ಕೊಂದೆ ಅಂತ ಅವಳು ಅನ್ನ ಬಿಟ್ಟಿದ್ದಾಳೆ. ಮೊದಲು ಆ ಮನೆಗೆ ಹೋಗು" ಎಂದಳು.

ಸಂಶೋಧಕಿ ಹೋದಳು. ಆ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಳು. "ಹಾಗಾದರೆ ನನ್ನ ಕೂಸು ಯಾಕೆ ಹೋಯಿತು?" ಎಂದಳು.

"ನನಗೆ ಗೊತ್ತಿಲ್ಲ" ಎಂದು ಸಂಶೋಧಕಿ ತಲೆ ತಗ್ಗಿಸಿದಳು. ಆಕೆಯ ಮುಂದೆ ಕೂರಲೂ ಆಗದೆ, ಹೊರಟು ಹೋಗಲೂ ಆಗದೆ ನಿಂತೇ ಇದ್ದಳು.

ಗುರು ಇಷ್ಟು ಹೇಳಿ ನಿಲ್ಲಿಸಿದರು. "ಆದರೂ ಗುರುಗಳೇ, ಇಲಿಗಳಿಗೆ ಅಷ್ಟು ಭಯವಾಗುತ್ತದೆಂದು ಪಾಪ, ಅವಳಿಗೆ ಗೊತ್ತಿರಲಿಲ್ಲ" ಎಂದ ಶಿಷ್ಯ.

"ಗೊತ್ತಿತ್ತು" ಎಂದರು ಗುರು, "ಹೆದರಿ ಎಲ್ಲಿ ಕಚ್ಚುತ್ತವೋ ಎಂದು ದಪ್ಪ ಕೈಗವಸು ತೊಟ್ಟೇ ಅವುಗಳನ್ನು ಹಿಡಿಯುತ್ತಿದ್ದಳು."